ಕಣ್ಣು ಮಂಜಾದ ಹಿರಿಯರಿಗೆ ಟೆಲಿವಿಷನ್ ಕೊಳ್ಳುವಾಗ

(ತಿಂಗಳ ಕೂಟದಲ್ಲಿ ಆಡಿದ ಮಾತು)



ಕಳೆದ ಕೂಟದಲ್ಲಿ ಒಬ್ಬ ಸಹೋದರರು ಎದ್ದು ನಿಂತು, "ನಮ್ಮ ಅಪ್ಪನಿಗೆ ಗ್ರಾಚ್ಯುಯಿಟಿ ಹಣ ಬಂದಿದೆ. ಅವರ ಕಣ್ಣು ಮಂಜಾಗಿದೆ. ಚೆನ್ನಾಗಿ ಕಾಣುವಂಥ ಒಂದು ಟೆಲಿವಿಷನ್ ಕೊಡಿಸಬೇಕೆಂದಿದ್ದೇವೆ. ಎಷ್ಟು ಅಂಗುಲದ್ದು ಕೊಳ್ಳೋಣ?" ಎಂದು ಕೇಳಿದರು. ಒಬ್ಬರು 43 ಎಂದರು, ಇನ್ನೊಬ್ಬರು 55 ಎಂದರು. ನಾವು ಅಣ್ಣ ತಮ್ಮ ಇಬ್ಬರೂ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತಿದ್ದೆವು. ಇದೇ ಪ್ರಶ್ನೆಗೆ ಅವಸರದಲ್ಲಿ ಉತ್ತರ ಕಂಡುಕೊಂಡು ತಪ್ಪು ಮಾಡಿದವರು ನಾವು. ಕೂಟ ಮುಗಿದ ಮೇಲೆ ಆ ಸಹೋದರರಿಗೆ ನಮ್ಮ ಕತೆ ಹೇಳಿದೆವು. ಅದನ್ನೇ ಎಲ್ಲರ ಮುಂದೆಯೂ ಹೇಳಬೇಕೆಂದು ಹಿರಿಯರು ಅಪ್ಪಣೆ ಕೊಟ್ಟಿರುವುದರಿಂದ ಇಂದು ನಿಂತಿದ್ದೇವೆ. ನಾವು ಟಿವಿ ಮಾರುವವರೂ ಅಲ್ಲ, ಕಣ್ಣಿನ ಡಾಕ್ಟರೂ ಅಲ್ಲ. ಪಟ್ಟ ಅನುಭವವನ್ನೂ, ಡಾಕ್ಟರು ತಿಳಿಸಿ ಹೇಳಿದ್ದನ್ನೂ ನಿಮ್ಮ ಮುಂದೆ ಇಡುತ್ತೇವೆ.

ನಮ್ಮ ಅವ್ವ ಕೊಳ್ಳೇಗಾಲದ ಸೀಮೆಯಿಂದ ಮದುವೆಯಾಗಿ ಈ ಬೆಟ್ಟ ಹತ್ತಿದವರು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕೋಟಗಿರಿ ಕಡೆಯ ತೋಟದಲ್ಲಿ ಎಲೆ ಕೊಯ್ದರು. ತಮಿಳುನಾಡು ಸರ್ಕಾರ 2006ರಿಂದ ಮನೆ ಮನೆಗೆ ಉಚಿತವಾಗಿ 14 ಅಂಗುಲದ ಬಣ್ಣದ ಟಿವಿ ಹಂಚಿತಲ್ಲವೇ? ಅದರಲ್ಲೊಂದು ನಮ್ಮ ಲೈನ್ ಮನೆಗೂ ಬಂತು. ತಗಡಿನ ಟ್ರಂಕಿನ ಮೇಲೆ ಅದನ್ನು ಕೂರಿಸಿದ್ದೆವು. ಅವ್ವ ಅದರ ಮುಂದೆ ಮೂರಡಿ ದೂರದಲ್ಲಿ ಮಣೆ ಹಾಕಿ ಕೂರುತ್ತಿದ್ದರು. "ಇಷ್ಟು ಹತ್ತಿರ ಕೂತರೆ ಕಣ್ಣು ಹೋಗುತ್ತದೆ, ಹಿಂದೆ ಬಾ ಅವ್ವ" ಎಂದು ನಾವು ಗದರಿಸುತ್ತಿದ್ದೆವು. ಹತ್ತಿರ ಕೂತು ಟಿವಿ ನೋಡಿದರೆ ಕಣ್ಣು ಕೆಡುವುದಿಲ್ಲ. ಕಣ್ಣು ಕೆಡುತ್ತಿರುವವರು ಹತ್ತಿರ ಹೋಗಿ ಕೂರುತ್ತಾರೆ, ಅಷ್ಟೆ. ಅದು ಆಗ ನಮಗೆ ತಿಳಿದಿರಲಿಲ್ಲ.

ಆ ಪೆಟ್ಟಿಗೆ ಹತ್ತು ವರ್ಷಕ್ಕೂ ಮೀರಿ ಓಡಿ, ಒಂದು ಮಳೆಗಾಲದಲ್ಲಿ ಸಿಡಿಲಿಗೆ ಸಿಕ್ಕಿ ನಿಂತಿತು. ಅಷ್ಟರಲ್ಲಿ ಅವ್ವನ ಕೆಲಸದ ಕಾಲ ಮುಗಿದಿತ್ತು. ಅವರು ಅಕ್ಕಿಯಲ್ಲಿ ಕಲ್ಲು ಆರಿಸುವುದನ್ನು ಬಿಟ್ಟಿದ್ದರು, ಸೂಜಿಗೆ ದಾರ ಪೋಣಿಸಲು ಮೊಮ್ಮಗಳನ್ನು ಕರೆಯುತ್ತಿದ್ದರು. ವಯಸ್ಸಾಯಿತು, ಸಹಜವೇ ಎಂದುಕೊಂಡೆವು. ಅವ್ವನಿಗೆ ದೊಡ್ಡದಾಗಿ ಕಾಣಲಿ ಎಂದು 43 ಅಂಗುಲದ ಟಿವಿಯನ್ನು ಕಂತಿನ ಮೇಲೆ ತಂದೆವು. ಮಕ್ಕಳ ಕೈಗೆ ಎಟುಕದಿರಲೆಂದು ಗೋಡೆಯ ಮೇಲೆ, ಬಾಗಿಲಿನ ಎದುರಿಗೇ ತೂಗುಹಾಕಿದೆವು. ಲೈನಿನವರೆಲ್ಲ ಬಂದು ನೋಡಿ ಹೋದರು. ಅವ್ವನನ್ನು ಕೇಳಿದೆವು. "ಚೆನ್ನಾಗದೆ ಕಣ್ ಮಗ, ಚೆನ್ನಾಗದೆ" ಎಂದರು.

ಹೀಗೆ ಒಂದು ವರ್ಷ ಕಳೆಯಿತು. ಕಂಡುಹಿಡಿದದ್ದು ನಾವಲ್ಲ, ಎಂಟು ವರ್ಷದ ಮೊಮ್ಮಗಳು. "ಅಜ್ಜಿ ಯಾವಾಗಲೂ ನಮ್ಮ ಹಿಂದೆ ನಗುತ್ತಾಳೆ" ಎಂದು ಅವಳು ಒಂದು ಸಂಜೆ ಹೇಳಿದಳು. ನಮಗೆ ಅರ್ಥವಾಗಲಿಲ್ಲ. ಆಮೇಲೆ ಗಮನವಿಟ್ಟು ನೋಡಿದೆವು. ಹಾಸ್ಯದ ಪ್ರಸಂಗ ಬಂದಾಗ ಮೊದಲು ನಾವು ನಗುತ್ತಿದ್ದೆವು. ಅವ್ವ ನಮ್ಮ ನಗೆ ಕೇಳಿ, ಒಂದು ಗಳಿಗೆ ತಡೆದು, ತಾವೂ ನಗುತ್ತಿದ್ದರು. ಟಿವಿ ಕಡೆಗೆ ತಿರುಗಿದ್ದ ಮುಖ ಟಿವಿಯನ್ನು ನೋಡುತ್ತಿರಲಿಲ್ಲ. ಮರುದಿನ ಅವ್ವನನ್ನು ಪಕ್ಕಕ್ಕೆ ಕರೆದು ಕೇಳಿದಾಗ, "ಬೆಳಕು ಕಾಣ್ತದೆ, ಯಾರೋ ಓಡಾಡೋದು ಕಾಣ್ತದೆ. ಕಂತು ಕಟ್ತಾ ಇದ್ದೀರಿ, ಕಾಣೋದಿಲ್ಲ ಅಂತ ಹೆಂಗೆ ಹೇಳಲಿ?" ಎಂದರು.

ಸಹೋದರರೇ, ಆ ರಾತ್ರಿ ನಾವು ಊಟ ಮಾಡಲಿಲ್ಲ.

ಮುಂದಿನ ವಾರವೇ ಕಣ್ಣಿನ ಶಿಬಿರಕ್ಕೆ ಕರೆದುಕೊಂಡು ಹೋದೆವು. ಎರಡು ಕಾಯಿಲೆಗಳಿದ್ದವು. ಒಂದು ಪೊರೆ, ಇನ್ನೊಂದು ಗ್ಲಾಕೋಮಾ. ಪೊರೆಯೆಂದರೆ ಕಣ್ಣಿನೊಳಗಿನ ಮಸೂರ ಹಾಲಿನಂತೆ ಕದಡುವುದು. ಅದನ್ನು ತೆಗೆದು ಬೇರೆ ಮಸೂರ ಇಟ್ಟರೆ ದೃಷ್ಟಿ ಮರಳುತ್ತದೆ. ಗ್ಲಾಕೋಮಾ ಹಾಗಲ್ಲ. ಹೆಚ್ಚಾಗಿ ಕಣ್ಣಿನ ಒತ್ತಡ ಏರಿ, ಒಳಗಿನ ನರ ಸ್ವಲ್ಪ ಸ್ವಲ್ಪವಾಗಿ ಸಾಯುತ್ತದೆ. ಸಾಮಾನ್ಯವಾಗಿ ನೋವಿರುವುದಿಲ್ಲ. ಮೊದಲು ಬದಿಯ ನೋಟ ಹೋಗುತ್ತದೆ, ಕೊನೆಗೆ ಕೊಳವೆಯೊಳಗಿಂದ ನೋಡಿದಂತೆ ನಡುವೆ ಮಾತ್ರ ಉಳಿಯುತ್ತದೆ. ಹನಿ ಔಷಧಿ ಹಾಕಿ ಉಳಿದದ್ದನ್ನು ಕಾಪಾಡಬಹುದು, ಹೋದದ್ದು ಮರಳದು. ಅವ್ವನ ಎಡಗಣ್ಣು ಬಹುಮಟ್ಟಿಗೆ ಹೋಗಿತ್ತು. "ಒಂದು ವರ್ಷ ಮೊದಲು ಬಂದಿದ್ದರೆ ಇನ್ನೂ ಸ್ವಲ್ಪ ಉಳಿಯುತ್ತಿತ್ತು" ಎಂದರು ಡಾಕ್ಟರು. ಆ ಒಂದು ವರ್ಷ ನಾವು ಏನು ಮಾಡುತ್ತಿದ್ದೆವು? ಕಂತು ಕಟ್ಟುತ್ತಿದ್ದೆವು.

ಆದುದರಿಂದ ಆ ಸಹೋದರರಿಗೆ ನಾವು ಮೊದಲು ಹೇಳಿದ್ದು ಇದು: ಟಿವಿ ಅಂಗಡಿಗೆ ಹೋಗುವ ಮುನ್ನ ಅಪ್ಪನನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯಿರಿ. ಖರ್ಚಿಗೆ ಹೆದರಬೇಕಾಗಿಲ್ಲ. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 1976ರಲ್ಲಿ ಆರಂಭವಾಯಿತು. ಸರ್ಕಾರಿ ಆಸ್ಪತ್ರೆಗಳಲ್ಲಿ ಬಡವರಿಗೆ ಪೊರೆಯ ಆಪರೇಷನ್ ಉಚಿತ. ಅದೇ 1976ರಲ್ಲಿ ಡಾ. ಜಿ. ವೆಂಕಟಸ್ವಾಮಿಯವರು ಮಧುರೆಯಲ್ಲಿ ಹನ್ನೊಂದು ಹಾಸಿಗೆಗಳಿಂದ ಆರಂಭಿಸಿದ ಅರವಿಂದ ಕಣ್ಣಿನ ಆಸ್ಪತ್ರೆ ಈಗ ಕೊಯಮತ್ತೂರಿನಲ್ಲೂ ಇದೆ. ಹಣ ಕೊಡಲಾರದವರಿಗೂ ಅಲ್ಲಿ ಚಿಕಿತ್ಸೆ ಉಂಟು. ಸಕ್ಕರೆ ಕಾಯಿಲೆ ಇರುವವರು ಕಣ್ಣು ಚೆನ್ನಾಗಿ ಕಂಡರೂ ವರ್ಷಕ್ಕೊಮ್ಮೆ ತೋರಿಸಬೇಕು. ಅವರಲ್ಲಿ ಕಣ್ಣಿನ ಹಿಂಭಾಗದ ಪದರದಲ್ಲಿ ರಕ್ತ ಜಿನುಗಿ ದೃಷ್ಟಿ ಕೆಡುವುದುಂಟು.

ಹಿರಿಯರು ಆಪರೇಷನ್ ಎಂದರೆ ಹಿಂಜರಿಯುತ್ತಾರೆ. ನಮ್ಮ ಅವ್ವನೂ ಹಿಂಜರಿದರು. ಅವರು ಚಿಕ್ಕವರಿದ್ದಾಗ ಡಾ. ಎಂ. ಸಿ. ಮೋದಿಯವರ ಕಣ್ಣಿನ ಶಿಬಿರಗಳ ಹೆಸರು ಹಳ್ಳಿ ಹಳ್ಳಿಯಲ್ಲಿತ್ತು. ಆ ಮಹನೀಯರು ಸಾವಿರಾರು ಜನರಿಗೆ ಕಣ್ಣು ಕೊಟ್ಟರು. ಆದರೆ ಆ ಕಾಲದ ಆಪರೇಷನ್ನಿನಲ್ಲಿ ಮಸೂರ ತೆಗೆದು, ಅದರ ಬದಲಿಗೆ ದಪ್ಪ ಸೋಡಾಬುಡ್ಡಿ ಕನ್ನಡಕ ಕೊಡುತ್ತಿದ್ದರು. ಅವ್ವನ ಮನಸ್ಸಿನಲ್ಲಿ ಅದೇ ಕನ್ನಡಕ ನಿಂತಿತ್ತು. ಈಗ ಮಸೂರವನ್ನು ಕಣ್ಣಿನೊಳಗೇ ಇಡುತ್ತಾರೆ, ಅಂಥ ಕನ್ನಡಕ ಬೇಡ ಎಂದು ತಿಳಿದ ಮೇಲೆ ಒಪ್ಪಿದರು. ಬಲಗಣ್ಣಿನ ಪೊರೆ ತೆಗೆದರು.

ಇನ್ನು ಟಿವಿಯ ಮಾತಿಗೆ ಬರೋಣ.

ಆಪರೇಷನ್ ಆದ ಮೇಲೆ ಅವ್ವನಿಗೆ 43 ಅಂಗುಲದ್ದು ಚೆನ್ನಾಗಿ ಕಾಣುತ್ತದೆಂದು ಭಾವಿಸಿದೆವು. ಆದರೆ ಹಾಗಾಗಲಿಲ್ಲ. ಬೆಳಕೂ ಬಣ್ಣವೂ ಬಂದವು, ಆದರೆ ನೋಟ ಕಿರಿದಾಗಿತ್ತು. ಹತ್ತಿರ ಕೂತರೆ ಮಾತಾಡುವವನ ಮೂಗು ಮಾತ್ರ ಕಾಣುತ್ತಿತ್ತು. ಅವನು ಯಾರೊಡನೆ ಮಾತಾಡುತ್ತಿದ್ದಾನೆಂದು ತಿಳಿಯಲು ಕುತ್ತಿಗೆ ತಿರುಗಿಸಿ ಹುಡುಕಬೇಕಾಗಿತ್ತು. "ಆ ಸರ್ಕಾರದ ಪೆಟ್ಟಿಗೆಯೇ ವಾಸಿ ಇತ್ತು" ಎಂದು ಅವ್ವ ಹೇಳಿದಾಗ ನಾವು ಅಳತೆಯ ಟೇಪು ಹಿಡಿದು ಕೂತೆವು.

ಟಿವಿಯ ಅಂಗುಲವನ್ನು ಮೂಲೆಯಿಂದ ಮೂಲೆಗೆ ಅಳೆಯುತ್ತಾರೆ. ಹಳೆಯ 14 ಅಂಗುಲದ ಪೆಟ್ಟಿಗೆ ಚೌಕಕ್ಕೆ ಹತ್ತಿರವಿತ್ತು, ಅದರ ಅಗಲ ಸುಮಾರು 11 ಅಂಗುಲ. ಈಗಿನ 32 ಅಂಗುಲದ್ದರ ಅಗಲ ಸುಮಾರು 28, 43ರದ್ದು ಸುಮಾರು 37. ವಸ್ತು ಎರಡರಷ್ಟು ದೂರ ಹೋದರೆ ಕಣ್ಣಿಗೆ ಅರ್ಧದಷ್ಟಾಗಿ ಕಾಣುತ್ತದೆ. ಹಾಗೆ ಲೆಕ್ಕ ಹಾಕಿದರೆ, ಮೂರಡಿ ದೂರದ ಹಳೆಯ ಪೆಟ್ಟಿಗೆ ಅವ್ವನ ಕಣ್ಣಿಗೆ ಎಷ್ಟು ಅಗಲ ಕಾಣುತ್ತಿತ್ತೋ, 32 ಅಂಗುಲದ್ದು ಏಳೂವರೆ ಅಡಿ ದೂರದಲ್ಲಿ ಅಷ್ಟೇ ಕಾಣುತ್ತದೆ. 43 ಅಂಗುಲದ್ದಾದರೆ ಹತ್ತಡಿ ಹಿಂದೆ ಹೋಗಬೇಕು. ನಮ್ಮ ಲೈನ್ ಮನೆಯ ಮುಂದಿನ ಕೋಣೆಯೇ ಹತ್ತಡಿ! ಅವ್ವ ಗೋಡೆಯೊಳಗೆ ಕೂರಬೇಕಾಗುತ್ತಿತ್ತು. ತಮ್ಮನ ಮನೆಯಲ್ಲಿ 32 ಅಂಗುಲದ್ದು ಇತ್ತು. ಅದನ್ನು ಇಲ್ಲಿಗೆ ತಂದು, ದೊಡ್ಡದನ್ನು ಅಲ್ಲಿಗೆ ಕಳಿಸಿದೆವು. ಅವ್ವನ ಕುರ್ಚಿಯನ್ನು ಎದುರು ಗೋಡೆಗೆ ಸರಿಸಿದೆವು. ಒಂದು ಕಾಸು ಖರ್ಚಾಗಲಿಲ್ಲ.

ಆದರೆ ಇದನ್ನು ಕೇಳಿ ಎಲ್ಲರೂ ಹಿರಿಯರನ್ನು ಹಿಂದಕ್ಕೆ ಸರಿಸಬೇಡಿ. ಕೆಲವರಿಗೆ ಇದರ ವಿರುದ್ಧ ಕಾಯಿಲೆ ಇರುತ್ತದೆ. ಕಣ್ಣಿನ ಹಿಂಭಾಗದ ನಡು ಸವೆದವರಿಗೆ ಬದಿ ಕಾಣುತ್ತದೆ, ನಡುವೆ ಮಾತ್ರ ಮಸಿ ಬಳಿದಂತಿರುತ್ತದೆ. ಎದುರಿಗಿರುವವರ ಮುಖ ತಿಳಿಯುವುದಿಲ್ಲ, ಆದರೆ ಕಾಲಬಳಿ ಓಡಿದ ಕೋಳಿಮರಿ ಕಾಣುತ್ತದೆ. ಅಂಥವರಿಗೆ ಚಿತ್ರ ದೊಡ್ಡದಾದಷ್ಟೂ ಒಳ್ಳೆಯದು. ಅದಕ್ಕೂ ದೊಡ್ಡ ಟಿವಿಯೇ ಬೇಕೆಂದಿಲ್ಲ. 32 ಅಂಗುಲದ್ದನ್ನು ನಾಲ್ಕಡಿ ದೂರದಿಂದ ನೋಡಿದರೆ, ಎಂಟಡಿ ದೂರದ 64 ಅಂಗುಲದ್ದನ್ನು ನೋಡಿದಷ್ಟೇ ದೊಡ್ಡದಾಗಿ ಕಾಣುತ್ತದೆ. ಅವರು ಸ್ವಲ್ಪ ಓರೆಯಾಗಿ, ಬದಿಗೆ ದೃಷ್ಟಿಯಿಟ್ಟು ನೋಡಿದರೆ "ನೆಟ್ಟಗೆ ನೋಡು" ಎಂದು ತಿದ್ದಬೇಡಿ. ಕಾಣುವ ಜಾಗದಿಂದ ಅವರು ನೋಡುತ್ತಿದ್ದಾರೆ. ಪೊರೆ ಇದ್ದು ಇನ್ನೂ ಆಪರೇಷನ್ ಆಗದವರಿಗೆ ಪ್ರಖರ ಬೆಳಕು ಕಣ್ಣಲ್ಲಿ ಚೆದುರಿ ನೋವಾದಂತಾಗುತ್ತದೆ. ಅವರಿಗೆ ದೊಡ್ಡದಕ್ಕಿಂತ ಹಿತವಾದ ಬೆಳಕಿನದು ಬೇಕು.

ಹಾಗಾದರೆ ನಿಮ್ಮ ಮನೆಯ ಹಿರಿಯರು ಯಾವ ಬಗೆಯೆಂದು ತಿಳಿಯುವುದು ಹೇಗೆ? ಡಾಕ್ಟರನ್ನು ಕೇಳಿ. ಜೊತೆಗೆ ಒಂದು ಸಂಜೆ ನೀವೇ ಅವರ ಪಕ್ಕದಲ್ಲಿ ಕೂತು ನೋಡಿ. "ಕಾಣ್ತದಾ?" ಎಂದು ಮಾತ್ರ ಕೇಳಬೇಡಿ, "ಕಾಣ್ತದೆ" ಎಂದೇ ಹೇಳುತ್ತಾರೆ. ಒಂದು ಕಣ್ಣು ಮುಚ್ಚಿಸಿ, ವಾರ್ತೆ ಓದುವವರು ಯಾವ ಬಣ್ಣದ ಬಟ್ಟೆ ಹಾಕಿದ್ದಾರೆ, ಕೈಯಲ್ಲಿ ಏನಿದೆ, ಹಿಂದೆ ಎಷ್ಟು ಜನರಿದ್ದಾರೆ ಎಂದು ಕೇಳಿ. ನಂತರ ಇನ್ನೊಂದು ಕಣ್ಣು. ಕುರ್ಚಿಯನ್ನು ಒಂದೊಂದಡಿ ಹಿಂದೆ ಮುಂದೆ ಸರಿಸುತ್ತಾ ಎಲ್ಲಿ ಚೆನ್ನಾಗಿ ಹೇಳುತ್ತಾರೋ ಅಲ್ಲಿ ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿ. ಮನೆಯಲ್ಲಿ ಟಿವಿ ಇಲ್ಲದಿದ್ದರೆ ನೆರೆಮನೆಯದರ ಮುಂದೆ ಮಾಡಿ. ಆ ಗುರುತಿನಿಂದ ಟಿವಿಯವರೆಗಿನ ದೂರವನ್ನು ಚೀಟಿಯಲ್ಲಿ ಬರೆದುಕೊಂಡು ಕನ್ನಡಕದವರಿಗೂ ತೋರಿಸಿ. ಓದುವ ಕನ್ನಡಕ ಒಂದು ಮೊಳ ದೂರಕ್ಕೆ, ನಡೆದಾಡುವ ಕನ್ನಡಕ ದೂರದ ನೋಟಕ್ಕೆ. ನಾಲ್ಕಡಿಯಲ್ಲಿ ಕೂತು ನೋಡುವವರಿಗೆ ಎರಡೂ ಸರಿಹೋಗದೆ ತಲೆನೋವು ಬರುವುದುಂಟು. ದೂರ ಹೇಳಿದರೆ ಅದಕ್ಕೆ ತಕ್ಕ ಗಾಜು ಹಾಕಿ ಕೊಡುತ್ತಾರೆ.

ಟಿವಿ ಇಡುವ ಜಾಗದ ವಿಷಯದಲ್ಲಿ ನಾವು ಮಾಡಿದ ತಪ್ಪು ಈ ಲೈನಿನಲ್ಲಿ ಹಲವರ ಮನೆಯಲ್ಲಿದೆ, ಬೇಸರಪಡಬೇಡಿ. ನಮ್ಮ ಮನೆಗಳಿಗೆ ಬೆಳಕು ಬರುವುದು ಬಾಗಿಲಿನಿಂದಲೇ. ಬಾಗಿಲಿನ ಎದುರಿಗೆ ಟಿವಿ ಹಾಕಿದರೆ ಅದರ ಗಾಜಿನಲ್ಲಿ ಬಾಗಿಲು, ಅಂಗಳ, ಒಣಹಾಕಿದ ಬಟ್ಟೆ ಎಲ್ಲವೂ ಕಾಣುತ್ತದೆ. ಎಳೆಯ ಕಣ್ಣು ಅದನ್ನು ದಾಟಿ ಚಿತ್ರ ನೋಡುತ್ತದೆ, ಮುದಿ ಕಣ್ಣಿಗೆ ಅದು ಸಾಧ್ಯವಿಲ್ಲ. ಬಾಗಿಲಿನ ಪಕ್ಕದ ಗೋಡೆಗೆ, ಬೆಳಕು ಬದಿಯಿಂದ ಬರುವಂತೆ ಇಡಿ. ಎತ್ತರವೂ ಹಾಗೆಯೇ: ಹಿರಿಯರು ಕೂತಾಗ ಅವರ ಕಣ್ಣಿನ ಮಟ್ಟಕ್ಕೆ ಚಿತ್ರದ ನಡುಭಾಗ ಬರಬೇಕು. ನಮ್ಮ ಟಿವಿ ಈಗ ಅದೇ ಹಳೆಯ ಟ್ರಂಕಿನ ಮೇಲಿದೆ. ಗೋಡೆ ಕಂಪನಿಯದು, ಮನೆ ಬಿಡುವ ದಿನ ಮೊಳೆಯ ತೂತಿಗೂ ಮಾತು ಬರುತ್ತದೆ, ಟ್ರಂಕು ನಮ್ಮದೇ. ಕತ್ತಲಲ್ಲಿ ನೋಡಬೇಡಿ, ಬಲ್ಬು ಎದುರಿಗೂ ಬೇಡ. ಟಿವಿಯ ಬದಿಗೆ ಅಥವಾ ಹಿಂದೆ ಒಂದು ಸಣ್ಣ ದೀಪವಿರಲಿ.

ಅಂಗಡಿಗೆ ಹೋಗುವಾಗ ಹಿರಿಯರನ್ನೂ ಕರೆದುಕೊಂಡು ಹೋಗಿ. ಬಸ್ಸಿನಲ್ಲಿ ಕಷ್ಟವಾದರೂ ಸರಿ. ಅಂಗಡಿಯಲ್ಲಿ ಟಿವಿಯನ್ನು ಕಣ್ಣು ಕುಕ್ಕುವಂತೆ ಉರಿಸಿ, ಹೂವು, ನವಿಲು, ಸಮುದ್ರ ತೋರಿಸುತ್ತಾರೆ. ಅದಕ್ಕೆ ಮರುಳಾಗಬೇಡಿ. ವಾರ್ತೆ ಹಾಕಿಸಿ. ಮನೆಯಲ್ಲಿ ಕೂರುವಷ್ಟೇ ದೂರದಲ್ಲಿ ಕುರ್ಚಿ ಹಾಕಿಸಿ, ಹಿರಿಯರನ್ನು ಕೂರಿಸಿ ಕೇಳಿ. ಕೆಲವು ಟಿವಿಗಳು ಪಕ್ಕದಿಂದ ನೋಡಿದರೆ ಬಣ್ಣ ಬಾಡಿಸಿಕೊಳ್ಳುತ್ತವೆ, ಪಕ್ಕದಿಂದಲೂ ನೋಡಿಸಿ. ಗಾಜು ಕನ್ನಡಿಯಂತೆ ಹೊಳೆಯುವುದು ಬೇಡ, ಮಂಕಾದದ್ದು ವಾಸಿ. 4ಕೆ ಎಂದು ಹೆಚ್ಚು ಹಣ ಕೇಳುತ್ತಾರೆ. ಅದರಲ್ಲಿ ಚುಕ್ಕೆಗಳು ಬಹಳ ಸಣ್ಣ, ಚಿತ್ರ ನುಣುಪು. ಆದರೆ ಆ ನುಣುಪನ್ನು ಗುರುತಿಸಲಾರದ ಕಣ್ಣಿಗೆ ಅದರಿಂದ ಪ್ರಯೋಜನವಿಲ್ಲ. ಆ ಹಣ ಧ್ವನಿಗೆ ಹೋಗಲಿ.

ಧ್ವನಿಯ ಮಾತು ಮುಖ್ಯ. ಹಳೆಯ ಪೆಟ್ಟಿಗೆಗಳಲ್ಲಿ ಸ್ಪೀಕರ್ ಹೆಚ್ಚಾಗಿ ಮುಂದಕ್ಕೋ ಬದಿಗೋ ಇರುತ್ತಿತ್ತು. ಈಗಿನ ತೆಳು ಟಿವಿಗಳಲ್ಲಿ ಬಹುಪಾಲು ಕೆಳಗೋ ಹಿಂದೋ ಇರುತ್ತದೆ, ಮಾತು ಗೋಡೆಗೆ ಬಡಿದು ಗೊಜ್ಜಾಗುತ್ತದೆ. ಕಣ್ಣು ಕಡಿಮೆಯಾದವರು ಕಿವಿಯಿಂದಲೇ ಅರ್ಧ ನೋಡುತ್ತಾರೆ. ಸಣ್ಣದೊಂದು ಸ್ಪೀಕರ್ ಪೆಟ್ಟಿಗೆಯನ್ನು ಟಿವಿಯ ಮುಂದೆ, ಅವರ ಕಡೆಗೆ ತಿರುಗಿಸಿ ಇಟ್ಟರೆ ಎಷ್ಟೋ ತಿಳಿಯಾಗುತ್ತದೆ. ಈಗಿನ ಸ್ಮಾರ್ಟ್ ಟಿವಿಗಳಲ್ಲಿ ರಿಮೋಟಿನ ಮೈಕ್ ಗುಂಡಿ ಒತ್ತಿ ಬಾಯಲ್ಲೇ ಹೇಳಿದರೆ ಕಾರ್ಯಕ್ರಮ ಹುಡುಕಿಕೊಡುವವು ಇವೆ. ಪರದೆಯ ಮೇಲಿನ ಅಕ್ಷರವನ್ನು ಓದಿ ಹೇಳುವ ಸೌಲಭ್ಯವೂ ಹಲವುಗಳಲ್ಲಿದೆ. "ಇದೆ" ಎಂದು ಅಂಗಡಿಯವರು ಹೇಳಿದರೆ ಸಾಲದು. ಅಲ್ಲೇ ಹಾಕಿಸಿ, ನಿಮ್ಮ ಅಪ್ಪ ಅವ್ವನ ನುಡಿಯಲ್ಲೇ ಮಾತಾಡಿಸಿ ನೋಡಿ. ನಮ್ಮ ಅವ್ವನ ಕೊಳ್ಳೇಗಾಲದ ಮಾತು ಕೇಳಿ ಅದು ಏನೇನೋ ತೋರಿಸಿತು. ನಾವು ಆ ಆಸೆ ಬಿಟ್ಟೆವು.

ನಾವು ಮಾಡಿದ್ದು ಇನ್ನೂ ಸುಲಭದ್ದು. ರಿಮೋಟಿನಲ್ಲಿ ಅವ್ವನಿಗೆ ಬೇಕಾದ ಗುಂಡಿ ಮೂರೇ. ಹಾಕುವ ಗುಂಡಿ, ಧ್ವನಿಯದು, ಚಾನೆಲ್ ಬದಲಿಸುವುದು. ಅವುಗಳ ಮೇಲೆ ಎಂ-ಸೀಲಿನ ಸಾಸಿವೆಯಷ್ಟು ಕಾಳು ಅಂಟಿಸಿದೆವು, ಬೆರಳಿಗೆ ತಿಳಿಯುತ್ತದೆ. ಕಪ್ಪು ರಿಮೋಟು ಕಪ್ಪು ಕಂಬಳಿಯ ಮೇಲೆ ಕಾಣದೆ ದಿನವೂ ಹುಡುಕಾಟವಾಗುತ್ತಿತ್ತು, ಹಳದಿ ಟೇಪು ಸುತ್ತಿದೆವು. ಸೆಟ್‌ಟಾಪ್ ಪೆಟ್ಟಿಗೆಯ ರಿಮೋಟು ಬೇರೆ, ಟಿವಿಯದು ಬೇರೆ. ಒಂದಕ್ಕೆ ಹಳದಿ, ಇನ್ನೊಂದಕ್ಕೆ ಏನೂ ಇಲ್ಲ.

ಕಡೆಯದಾಗಿ ಭಾಷೆ. ನಮ್ಮ ಊರಿನ ಕೇಬಲಿನಲ್ಲಿ ತಮಿಳು ಬರುತ್ತಿತ್ತು. ಅವ್ವ ಮೂವತ್ತು ವರ್ಷ ತೋಟದಲ್ಲಿ ತಮಿಳಿನಲ್ಲೇ ದುಡಿದವರು, ಎಲ್ಲ ಅರ್ಥವಾಗುತ್ತದೆಂದು ನಾವು ಸುಮ್ಮನಿದ್ದೆವು. ಚಿತ್ರ ಕಾಣುವವರಿಗೆ ಅರ್ಧ ತಿಳಿದ ಮಾತೂ ಸಾಕು. ಚಿತ್ರ ಹೋದ ಮೇಲೆ ಮಾತೇ ಚಿತ್ರ. ಡಿಡಿ ಫ್ರೀ ಡಿಶ್‌ಗೆ ತಿಂಗಳ ಹಣವಿಲ್ಲ, ಡಿಶ್ಶನ್ನೂ ಪೆಟ್ಟಿಗೆಯನ್ನೂ ಒಮ್ಮೆ ಕೊಂಡರೆ ಆಯಿತು. ಅದರಲ್ಲಿ ದೂರದರ್ಶನದ ಕನ್ನಡ ಚಂದನ ಬರುತ್ತದೆ. ಕೇಬಲೇ ಬೇಕೆಂದರೆ, ಟಿವಿ ಕೊಳ್ಳುವ ಮೊದಲೇ ಕೇಬಲಿನವರನ್ನು ಕಂಡು ಯಾವ ಕನ್ನಡ ಚಾನೆಲ್ ಕೊಡುತ್ತೀರೆಂದು ಕೇಳಿ. ನೋಟ ಪೂರ್ತಿ ಹೋದ ಹಿರಿಯರಿಗೆ ಒಳ್ಳೆಯ ರೇಡಿಯೋ ಒಂದೇ ಸಾಕೆಂದು ನಮ್ಮ ಅಭಿಪ್ರಾಯ. ಮನೆಯವರು ಟಿವಿಯ ಮುಂದೆ ಕೂತಾಗ ಅವರನ್ನು ಒಬ್ಬಂಟಿಯಾಗಿ ರೇಡಿಯೋದೊಡನೆ ಮೂಲೆಗೆ ಬಿಡದಿದ್ದರೆ ಸರಿ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇವೆ. 32 ಅಂಗುಲಕ್ಕಿಂತ ದೊಡ್ಡ ಟಿವಿಗಳ ಮೇಲೆ ಶೇಕಡಾ 28 ಇದ್ದ ತೆರಿಗೆ 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿಯಿತು. ಇಳಿದ ಬೆಲೆಯನ್ನು ಕಂಡು ಅಳತೆ ಏರಿಸಬೇಡಿ. "ಬಡ್ಡಿಯಿಲ್ಲದ ಕಂತು" ಎಂದಾಗ ಬೇರೆ ಯಾವ ಹೆಸರಿನಲ್ಲಿ ಹಣ ಹಿಡಿಯುತ್ತಾರೆಂದು ಕೇಳಿ. ಕೆಟ್ಟರೆ ರಿಪೇರಿಯವರು ತೋಟದ ತನಕ ಬರುತ್ತಾರೋ, ನಾವೇ ಹೊತ್ತು ಇಳಿಯಬೇಕೋ ಕೇಳಿ. ಬಿಲ್ಲು ಜೋಪಾನ. ಸಿಡಿಲು ಮಿಂಚಿದಾಗ ಪ್ಲಗ್ಗನ್ನೂ ಡಿಶ್ಶಿನ ತಂತಿಯನ್ನೂ ಕಿತ್ತಿಡಿ. ಇದನ್ನು ನಮಗೆ ಹಳೆಯ ಪೆಟ್ಟಿಗೆ ಕಲಿಸಿತು.

ಅವ್ವ ಈಗ ದಿನಕ್ಕೆ ಎರಡು ಹೊತ್ತು ಕಣ್ಣಿಗೆ ಹನಿ ಹಾಕಿಸಿಕೊಳ್ಳುತ್ತಾರೆ. ರಾತ್ರಿಯ ಹನಿಯ ಹೊತ್ತು ಅವರ ಧಾರಾವಾಹಿ ಮುಗಿಯುವ ಹೊತ್ತು, ಮರೆಯುವುದಿಲ್ಲ. ಪೊರೆ ಇದ್ದಾಗ ಅವರಿಗೆ ಎಲ್ಲ ಬಣ್ಣವೂ ಹಳದಿ ಬೆರೆತು ಕಾಣುತ್ತಿತ್ತು, ನೀಲಿ ತಿಳಿಯುತ್ತಿರಲಿಲ್ಲ. ಆಗಿನ ಅಭ್ಯಾಸದಿಂದ ಮೊಮ್ಮಗಳು ಈಗಲೂ ಪಕ್ಕದಲ್ಲಿ ಕೂತು, ಯಾರು ಬಂದರು, ಏನು ಉಟ್ಟಿದ್ದಾರೆ ಎಂದು ಹೇಳುತ್ತಿರುತ್ತಾಳೆ. ಮೊನ್ನೆ ಅವಳು "ಅಜ್ಜಿ, ಹಸಿರು ಸೀರೆಯವಳು ಬಂದಳು" ಎಂದಳು. ಅವ್ವ ಕುರ್ಚಿಯಿಂದ ಸ್ವಲ್ಪ ಮುಂದೆ ಬಾಗಿ ನೋಡಿ, "ಹಸಿರಲ್ಲ ಕಣ್ ಕೂಸು, ಅದು ನೀಲಿ" ಎಂದರು. ನಾವೂ ನೋಡಿದೆವು. ನೀಲಿಯೇ.